ಖಲೀಲ್ ಕೂರಿಸಿದ ಬಾಯ್ಲರ್

ತರೀಕೆರೆಯ ನಮ್ಮ ಮನೆಗೆ ಬಂದು ಸ್ನಾನ ಮಾಡಿದವರೆಲ್ಲ ತಲೆ ಒರೆಸಿಕೊಳ್ಳುತ್ತ ಹೊರಬಂದು ಕೇಳುವ ಪ್ರಶ್ನೆ ಒಂದೇ. "ಅದೇನ್ರೀ ಮೇಷ್ಟ್ರೇ, ಬಚ್ಚಲಿನ ಸೂರಿಗೆ ದುಂಡಗೆ ತೇಪೆ ಹಾಕ್ಸಿದ್ದೀರಾ?" ಹೊಸ ಮನೆ, ಬೆಳ್ಳನೆಯ ಸೂರು, ಅದರ ಮೂಲೆಯಲ್ಲಿ ಊಟದ ತಟ್ಟೆಯಗಲದ ಬೂದುಬಣ್ಣದ ಸಿಮೆಂಟು. ಕಣ್ಣಿಗೆ ಬೀಳದೆ ಇರುತ್ತದೆಯೇ? "ಸೋರ್ತಿತ್ತು ಕಣ್ರೀ" ಅನ್ನುತ್ತೇನೆ. ಸೋರುವ ತೂತು ಹೀಗೆ ಕೈವಾರದಲ್ಲಿ ಎಳೆದ ಹಾಗೆ ದುಂಡಗಿರುವುದಿಲ್ಲ ಎಂದು ಇದುವರೆಗೆ ಒಬ್ಬರೂ ವಾದ ಮಾಡಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ನನ್ನ ಬಾಯಿಂದ ಬಂದದ್ದನ್ನು ಜನ ಬರೆದುಕೊಳ್ಳುತ್ತಾರೆ.

ನಿಮಗೆ ಸುಳ್ಳು ಹೇಳುವುದಿಲ್ಲ. ಅದು ಹೊಗೆ ಕೊಳವೆ ಹೋಗಿದ್ದ ತೂತು. ಅಲ್ಲಿ ಸೌದೆ ಬಾಯ್ಲರ್ ಇತ್ತು. ಒಂದು ಚಳಿಗಾಲ ಪೂರ್ತಿ ಕೂಡ ಇರಲಿಲ್ಲ.

ಬಿಸಿನೀರು ಅಂದರೆ ನನಗೆ ನೆನಪಾಗುವುದು ಗೌರಕ್ಕ. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾಲ್ಕು. ಅಜ್ಜಂಪುರದಿಂದ ಎರಡು ಮೈಲಿ ದೂರದ ನಮ್ಮ ಹಳ್ಳಿಯ ಮನೆಯಲ್ಲಿ ಹಿತ್ತಲ ಕಡೆಗೆ ಬಚ್ಚಲು. ಅಲ್ಲಿ ಮಣ್ಣಿನ ಕಟ್ಟೆಯಲ್ಲಿ ಕುತ್ತಿಗೆವರೆಗೆ ಹೂತ ಹಂಡೆ. ಎರೆಭೂಮಿಯ ಊರು, ಹತ್ತಿಕಡ್ಡಿಗೆ ಬರವಿಲ್ಲ. ಅಕ್ಕ ಒಂದು ಹಿಡಿ ಕಡ್ಡಿ ಮುರಿದು ಒಲೆಗೆ ತುರುಕಿದರೆ ಅದು ಚಟಪಟ ಬೈಯುತ್ತ ಹೊತ್ತಿಕೊಳ್ಳುತ್ತಿತ್ತು. ಪುಷ್ಯಮಾಸದ ಚಳಿಗೆ ನಾನು ಪುಸ್ತಕ ಹಿಡಿದು ಆ ಒಲೆಯ ಮುಂದೆ ಕೂರುತ್ತಿದ್ದೆ. ಓದುತ್ತಿದ್ದೆ ಅಂದುಕೊಳ್ಳಬೇಡಿ. ಕೆಂಡದೊಳಗೆ ಹೂತಿಟ್ಟ ಈರುಳ್ಳಿ ಬೆಂದಿದೆಯೋ ಇಲ್ಲವೋ ನೋಡುತ್ತಿದ್ದೆ. ಸುಟ್ಟ ಈರುಳ್ಳಿಯ ಸಿಹಿಗೆ ಸಮನಾದದ್ದನ್ನು ಆಮೇಲೆ ಯಾವ ಹೋಟೆಲಿನಲ್ಲೂ ತಿಂದಿಲ್ಲ. ನನ್ನ ಎರಡು ಅಂಗಿಗಳ ತುದಿ ಆ ಒಲೆಗೇ ಹೋಯಿತು.

ಆಮೇಲೆ ಎಣ್ಣೆ, ಸೀಗೆಪುಡಿ. "ಕಣ್ ಬಿಟ್ರೆ ಕಣ್ಣೇ ಹೋಗ್ತವೆ, ಮುಚ್ಕೊಳೋ" ಅಂತ ಅಕ್ಕ ತಲೆಯ ಮೇಲೊಂದು ಮೊಟಕುತ್ತಿದ್ದಳು. ನಾನು ಮುಚ್ಚಿಕೊಳ್ಳದೆ ಬೊಬ್ಬೆ ಹೊಡೆಯುತ್ತಿದ್ದೆ. ಅವಳದೂ ಆಗ ಇನ್ನೂ ಆಡುವ ವಯಸ್ಸೇ ಅಂತ ನನಗೆ ಹೊಳೆದದ್ದು ನನ್ನ ಕೂದಲು ಬೆಳ್ಳಗಾದ ಮೇಲೆ.

ನಾನು ಓದಿ ಮೇಷ್ಟ್ರಾಗುವ ದಾರಿಗೆ ಬಿದ್ದ ಮೇಲೆಯೇ ಅವಳು ಮದುವೆಗೆ ಒಪ್ಪಿದ್ದು. ಪಂಚನಹಳ್ಳಿಯ ಮನೆ. ಭಾವ ಬೇಗ ಹೋದರು, ಮಕ್ಕಳಾಗಲಿಲ್ಲ. ಆದರೂ ಅಲ್ಲೇ ತೆಂಗಿನ ತೋಟ ನೋಡಿಕೊಂಡು, ಯಾರಿಗೂ ತಲೆಬಾಗದೆ ಇದ್ದಳು. ಮಂಡಿನೋವು ಜಾಸ್ತಿಯಾದ ಮೇಲೆ ನಾನೇ ಹೋಗಿ ಕರೆತಂದೆ. ಒಂದು ಟ್ರಂಕು, ಒಂದು ಇಷ್ಟಲಿಂಗದ ಕರಡಿಗೆ, ಎರಡು ಮೂಟೆ ತೆಂಗಿನ ಮಟ್ಟೆ ಕಾರಿಗೆ ಏರಿದವು. "ಮಟ್ಟೆ ಯಾಕಕ್ಕಾ? ನಮ್ಮನೇಲಿ ಒಲೆ ಇಲ್ಲ" ಅಂದೆ. "ಒಲೆ ಇಲ್ದಿರೋದು ಮನೆಯೇನೋ?" ಅಂದಳು.

ನಮ್ಮ ಮನೆಯಲ್ಲಿ ಇದ್ದದ್ದು ತಾರಸಿಯ ಮೇಲಿನ ಸೋಲಾರ್. ಮೋಡ ಕವಿದ ದಿನ ಅದು ಕೊಡುತ್ತಿದ್ದ ನೀರಿನ ಬಗ್ಗೆ ಅಕ್ಕ ಒಮ್ಮೆ ಹೇಳಿದಳು: "ಇದು ಬಿಸಿನೀರಲ್ಲ ಕಣೋ ಚಂದ್ರು. ಬಿಸಿ ಅಂತ ಹೇಳ್ಕೊಳ್ಳೋ ನೀರು." ಕರೆಂಟಿನ ಗೀಸರ್ ತರುತ್ತೇನೆಂದರೆ, ಮೈಮೇಲೆ ಕರೆಂಟು ಸುರಿದುಕೊಳ್ಳುವುದಿಲ್ಲ ಅಂದಳು. ಸ್ನಾನ ಆಗದೆ ಅವಳು ಲಿಂಗಪೂಜೆಗೆ ಕೂರುವುದಿಲ್ಲ, ಪೂಜೆ ಆಗದೆ ಬಾಯಿಗೆ ನೀರೂ ಹಾಕುವುದಿಲ್ಲ. ಉಗುರುಬೆಚ್ಚಗಿನ ನೀರು ಸುರಿದುಕೊಂಡು, ನಡುಗುತ್ತ ಕೂತು, ಮಂಡಿ ಹಿಡಿದುಕೊಂಡು ಏಳುತ್ತಿದ್ದಳು. ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ನಾನು ವಾದ ಮಾಡಿ ಗೆಲ್ಲುತ್ತಿದ್ದೆ. ಕೇಳದೆ ಇದ್ದದ್ದಕ್ಕೆ ಸೋತೆ. ಒಂದು ದಿನ ನನ್ನ ಹೆಂಡತಿ ಶಶಿಕಲಾಗೆ ಹೇಳಿದೆ, "ಸೌದೆ ಬಾಯ್ಲರ್ ಹಾಕ್ಸೋಣ."

ತರೀಕೆರೆಯಲ್ಲಿ ಬಾಯ್ಲರ್ ಅಂದರೆ ಖಲೀಲ್. ಅವನ ಅಪ್ಪ ಬೀದಿ ಬೀದಿ ತಿರುಗಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಇವನು ಎಂಟನೇ ಕ್ಲಾಸು ಮುಗಿಸಿ ಒಂಬತ್ತರಲ್ಲಿ ಬಿಟ್ಟು ಅಪ್ಪನ ತಿದಿಯ ಮುಂದೆ ಕೂತ. ನನ್ನ ಹಳೇ ವಿದ್ಯಾರ್ಥಿ. ಈಗ ನಲವತ್ತು ದಾಟಿದೆ. ತಾಮ್ರದ ಹಾಳೆ ಬಗ್ಗಿಸಿ ಅವನು ಮಾಡುತ್ತಿದ್ದ ಬಾಯ್ಲರುಗಳು ಕಡೂರಿನಿಂದ ಅಮೃತಾಪುರದವರೆಗೆ ಎಷ್ಟೋ ಮನೆಗಳ ಬಚ್ಚಲಲ್ಲಿ ಉರಿಯುತ್ತಿದ್ದವು. ಮನೆಗೆ ಬಂದವನು ಮೊದಲು ಅಕ್ಕನ ಹತ್ತಿರ ಹೋಗಿ ಕೈಮುಗಿದು, "ಎಷ್ಟು ಚೊಂಬು ನೀರು ಬೇಕಮ್ಮಾ ನಿಮ್ಗೆ?" ಅಂತ ಕೇಳಿದ. ಅಳತೆ ತೆಗೆದುಕೊಳ್ಳಲು ಬಂದವರಲ್ಲಿ ಸ್ನಾನ ಮಾಡುವವರನ್ನು ಮಾತಾಡಿಸಿದ ಮೊದಲನೆಯವನು ಅವನು. ಅಕ್ಕ ಅವತ್ತೇ ಅವನನ್ನು ಖಲೀಲಪ್ಪ ಅಂದಳು.

ಬಚ್ಚಲು ನೋಡಿದವನು ತಲೆ ಕೆರೆದುಕೊಂಡ. "ಸಾರ್, ಒಲೆ ಬಾಯಿ ಹೊರಗಡೆ ಇಟ್ಕೊಳ್ಳಿ. ಗೋಡೆ ಒಡೆದು ಆ ಕಡೆಯಿಂದ ಸೌದೆ ಹಾಕೋ ಹಂಗೆ ಮಾಡ್ಕೊಡ್ತೀನಿ."

ಆ ಕಡೆ ಎಂದರೆ ಪಕ್ಕದ ಮನೆಯ ಕಾಂಪೌಂಡಿಗೂ ನಮಗೂ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಸಂದಿ. ಅಕ್ಕ ಚಳಿಯಲ್ಲಿ ಅಲ್ಲಿ ನಿಂತು ಉರಿ ಹಾಕುವುದೇ? ಮೇಲಾಗಿ ಶಶಿಕಲಾ ಆರಿಸಿ ಹಾಕಿಸಿದ್ದ ಟೈಲ್ಸು. ಬೇಡ, ಒಳಗೇ ಇರಲಿ ಅಂದೆ.

"ಒಳಗೇ ಆದ್ರೆ ಒಂದು ಮಾತು" ಅಂದ ಖಲೀಲ್. ಮೇಲಿನ ವೆಂಟಿಲೇಟರಿನ ಗಾಜಿನ ಪಟ್ಟಿಗಳನ್ನೆಲ್ಲ ಕಳಚಿ, ಬರೀ ಚೌಕಟ್ಟು ಉಳಿಸಿದ. "ಇದನ್ನ ಯಾವತ್ತೂ ಮುಚ್ಬೇಡಿ ಸಾರ್. ಬೆಂಕಿಗೂ ಉಸಿರು ಬೇಕು. ಒಳಗೆ ಗಾಳಿ ಸಿಗ್ಲಿಲ್ಲ ಅಂದ್ರೆ ಮೇಲ್ಗಡೆ ಹೋಗ್ಬೇಕಾದ್ದು ಕೊಳವೆಯಿಂದ ಕೆಳಗೇ ಇಳೀತದೆ. ನೀವೇ ತೋರಿಸಿದ್ರಲ್ಲ, ಮೇಣದಬತ್ತಿ ಮೇಲೆ ಗಾಜಿನ ಲೋಟ ಮುಚ್ಚಿ."

"ಅದಿನ್ನೂ ನೆನಪಿದೆಯೇನೋ?" ಅಂತ ನಾನು ಉಬ್ಬಿಹೋದೆ. ಅವನು ಹೇಳಿದ ಮಾತಿಗಿಂತ, ನನ್ನ ಪಾಠ ಅವನಿಗೆ ನೆನಪಿರುವುದೇ ನನಗೆ ದೊಡ್ಡದಾಗಿ ಕಂಡಿತು. ಮೇಷ್ಟ್ರುಗಳಿಗೆ ಇರುವ ರೋಗ ಇದು.

ಎರಡು ದಿನದಲ್ಲಿ ಬಾಯ್ಲರ್ ಕೂತಿತು. ಮೊದಲ ದಿನ ಅಕ್ಕ ತನ್ನ ತೆಂಗಿನ ಮಟ್ಟೆಯಿಂದಲೇ ಉರಿ ಹಚ್ಚಿದಳು. ನೀರಿಗೆ ಮೊಣಕೈ ಅದ್ದಿ ನೋಡಿ, "ಆ... ಇದು ನೀರು" ಅಂದಳು. ಒಳಗಿನಿಂದ ಚೊಂಬಿನ ಸದ್ದು ನಿಲ್ಲದೆ ಬಂತು. ಹೊರಗೆ ಬಂದಾಗ ಮೈಯಿಂದ ಹಬೆ ಏಳುತ್ತಿತ್ತು. ಶಶಿಕಲಾ ಕಾಫಿ ತಂದರೆ "ಪೂಜೆ ಆಗ್ಲಿ ಕಣೇ" ಅಂತ ನಕ್ಕಳು. ಅವಳು ನಕ್ಕದ್ದನ್ನು ನಮ್ಮ ಮನೆಗೆ ಬಂದ ಮೇಲೆ ನಾನು ನೋಡಿದ್ದು ಅದೇ ಮೊದಲು.

ಅಲ್ಲಿಗೆ ನಿಲ್ಲಿಸಿದ್ದರೆ ಆಗಿತ್ತು. ಸಂಕ್ರಾಂತಿಗೆ ಮುಂಚಿನ ಗಾಳಿ ಶುರುವಾಯಿತು. ಬಚ್ಚಲಿನ ಆ ಕಿಂಡಿಯಿಂದ ಚೂರಿ ಹಾಕಿದ ಹಾಗೆ ತಣ್ಣಗೆ ಇಳಿಯುತ್ತಿತ್ತು. "ಒದ್ದೆ ಬೆನ್ನಿಗೆ ಗಾಳಿ ಹೊಡೀತದೆ ಕಣೋ" ಅಂದಳು ಅಕ್ಕ. ಇಷ್ಟು ದಿನ ಬಾಯಿಬಿಟ್ಟು ಏನೂ ಕೇಳದವಳು ಕೇಳಿದ್ದಾಳೆ. ನಾನು ತಡಮಾಡಲಿಲ್ಲ. ಕಿಂಡಿಯ ಅಳತೆಗೆ ಅಕ್ರಿಲಿಕ್ ಹಾಳೆ ಕತ್ತರಿಸಿ ತಂದು, ಮರದ ಚೌಕಟ್ಟಿಗೆ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಹಾಕಿ, ಅಂಚಿಗೆ ಪುಟ್ಟಿ ತೀಡಿದೆ. ಒಂದು ಕೂದಲೆಳೆ ಗಾಳಿ ಬರಬಾರದು, ಹಾಗೆ. ಬಾಗಿಲಿನ ಕೆಳಗೂ ರಬ್ಬರ್ ಪಟ್ಟಿ ಅಂಟಿಸಿದೆ. ಏಣಿಯಿಂದ ಇಳಿದು ದೂರ ನಿಂತು ನೋಡಿ, ಬಡಗಿಯಾಗಿದ್ದರೂ ಬದುಕುತ್ತಿದ್ದೆ ಅಂದುಕೊಂಡೆ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಖಲೀಲಪ್ಪ ಮುಚ್ಬೇಡಿ ಅಂದಿದ್ನಲ್ಲೋ."

"ಅವನೇನಕ್ಕಾ ನನಗೆ ವಿಜ್ಞಾನ ಹೇಳ್ಕೊಡೋದು? ಹೊಗೆ ಬಂದ್ರೆ ತಾನೆ ತೊಂದರೆ? ಎಲ್ಲಿದೆ ಹೊಗೆ, ತೋರ್ಸು."

ಹೊಗೆ ಇರಲಿಲ್ಲ, ನಿಜ. ಒಣಗಿದ ಜಾಲಿ ಸೌದೆ ಉರಿದು ನಿಗಿನಿಗಿ ಕೆಂಡವಾಗಿ ಕೂತಿರುತ್ತಿತ್ತು. ಆ ಕೆಂಡ ಬಿಡುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಅಂತ ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಪರೀಕ್ಷೆಯಲ್ಲಿ ಕೇಳಿದ್ದೇನೆ. ಗೊತ್ತಿಲ್ಲದೆ ಮಾಡಿದೆ ಅಂತ ಹೇಳುವ ಭಾಗ್ಯವೂ ನನಗಿಲ್ಲ.

ಅದು ಒಂದು ಸೋಮವಾರ. ಅಕ್ಕ ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದಳು. ನಾನು ಜಗುಲಿಯಲ್ಲಿ ಪೇಪರಿನ ಪದಬಂಧ ಬಿಡಿಸುತ್ತಿದ್ದೆ. ಚೊಂಬಿನ ಸದ್ದು ನಿಂತದ್ದು ಕಿವಿಗೆ ಬಿತ್ತು. ತಲೆ ಒರೆಸಿಕೊಳ್ಳುತ್ತಿರಬೇಕು ಅಂದುಕೊಂಡೆ. ಎಡದಿಂದ ಬಲಕ್ಕೆ ಐದಕ್ಷರದ ಪದವೊಂದು ಸಿಕ್ಕುತ್ತಿರಲಿಲ್ಲ. ಅದನ್ನು ಹುಡುಕುತ್ತ ಎಷ್ಟು ಹೊತ್ತು ಕೂತೆನೋ, ಶಶಿಕಲಾ ಬಾಗಿಲು ಬಡಿಯುವ ಸದ್ದು ಕೇಳಿತು. "ಅಕ್ಕಾ, ಅಕ್ಕಾ... ರೀ, ಬನ್ರೀ ಇಲ್ಲಿ!"

ಹೆಗಲು ಕೊಟ್ಟು ಚಿಲಕ ಮುರಿದೆ. ಅಕ್ಕ ಮಣೆಯ ಮೇಲಿಂದ ಗೋಡೆಗೆ ವಾಲಿ ಜಾರಿದ್ದಳು. ತಲೆಯಲ್ಲಿ ಅರ್ಧ ತೊಳೆದ ಸೀಗೆಪುಡಿ. ಕೆನ್ನೆ ಕೆಂಪಗಿತ್ತು, ಜ್ವರ ಬಂದ ಮಗುವಿನ ಹಾಗೆ. ಒಲೆಯಲ್ಲಿ ಕೆಂಡ ಸದ್ದಿಲ್ಲದೆ ಹೊಳೆಯುತ್ತಿತ್ತು. ಎತ್ತಿ ಹೊರಗೆ ತರುವಷ್ಟರಲ್ಲಿ ನನಗೂ ಕಣ್ಣು ಕತ್ತಲೆ ಬಂತು.

ಇಲ್ಲಿನ ಆಸ್ಪತ್ರೆಯವರು ಆಕ್ಸಿಜನ್ ಹಾಕಿ ಶಿವಮೊಗ್ಗಕ್ಕೆ ಕಳಿಸಿದರು. ಸುದ್ದಿ ಕೇಳಿ ಅಜ್ಜಂಪುರದಿಂದ ಚಿಕ್ಕಪ್ಪನ ಮಗ ಮಲ್ಲಣ್ಣ ಓಡಿಬಂದ. ಅಲ್ಲಿ ಒಬ್ಬ ಡಾಕ್ಟರು, ನನ್ನ ಮಗಳ ವಯಸ್ಸಿನ ಹುಡುಗಿ, ಕೇಳಿದಳು: "ಬಾತ್‌ರೂಮಲ್ಲಿ ಗಾಳಿ ಆಡೋಕೆ ಜಾಗ ಇತ್ತಾ ಸಾರ್?"

ನನ್ನ ಪಕ್ಕದಲ್ಲಿ ಶಶಿಕಲಾ, ಅವಳ ಪಕ್ಕದಲ್ಲಿ ಮಲ್ಲಣ್ಣ. ಇಬ್ಬರೂ ನನ್ನ ಮುಖ ನೋಡಿದರು.

"ಇಲ್ಲ. ಫಿಟ್ ಮಾಡಿದೋನು ಬಿಟ್ಟಿಲ್ಲ" ಅಂದೆ.

ಯೋಚಿಸಿ ಹೇಳಿದ್ದಲ್ಲ. ಕೈಗೆ ಬಿಸಿ ತಗುಲಿದರೆ ಕೈ ತಾನೇ ಹಿಂದಕ್ಕೆ ಬರುತ್ತದಲ್ಲ, ಹಾಗೆ ಬಂದ ಮಾತು. ಆದರೆ ಆಮೇಲೆ ಮಾಡಿದ್ದನ್ನು ಯೋಚಿಸಿಯೇ ಮಾಡಿದೆ. ಅಕ್ಕನ ಬಟ್ಟೆ ತರುತ್ತೇವೆಂದು ಅವತ್ತು ಮಧ್ಯಾಹ್ನ ನಾನೂ ಶಶಿಕಲಾನೂ ಮನೆಗೆ ಬಂದೆವು. ನಾನು ಸ್ಕ್ರೂಡ್ರೈವರ್ ಹುಡುಕಿದೆ. ಅವಳು ಏಣಿ ತಂದು ಗೋಡೆಗೆ ಒರಗಿಸಿ, ಬಿಗಿಯಾಗಿ ಹಿಡಿದುಕೊಂಡು ನಿಂತಳು. ನಾಲ್ಕು ಸ್ಕ್ರೂ ಬಿಚ್ಚಿ, ಪುಟ್ಟಿ ಕೆರೆದು, ಹಾಳೆಯನ್ನು ಅಟ್ಟದ ಮೇಲೆ ಹಳೇ ಪುಸ್ತಕಗಳ ಹಿಂದೆ ಇಟ್ಟೆ. ಆಮೇಲೆ ಗಾಜಿನ ಪಟ್ಟಿಗಳನ್ನು ಹುಡುಕಿ ಮತ್ತೆ ಚೌಕಟ್ಟಿಗೆ ಸೇರಿಸಿ ಮುಚ್ಚಿಟ್ಟೆ, ಅವನು ಅವನ್ನು ಕಳಚಿಯೇ ಇರಲಿಲ್ಲ ಅನ್ನುವ ಹಾಗೆ. ಇಳಿಯುವಾಗ ಅವಳು "ಮೆಲ್ಲಗೆ" ಅಂದಳು. ಆ ವಿಷಯದಲ್ಲಿ ನಮ್ಮಿಬ್ಬರ ನಡುವೆ ಆದ ಮಾತು ಅಷ್ಟೇ, ಇವತ್ತಿಗೂ.

ಮೂರನೆಯ ದಿನ ಖಲೀಲ್ ಮನೆಗೆ ಬಂದ. ಕೈಯಲ್ಲಿ ಎಳನೀರು. "ಅಮ್ಮಾರು ಹೆಂಗಿದ್ದಾರೆ ಸಾರ್?" ಕಣ್ಣು ಬಿಟ್ಟಿದ್ದಾರೆ, ಗುರುತು ಸಿಗುತ್ತಿಲ್ಲ ಅಂದೆ. ಬಾಯ್ಲರ್ ನೋಡಲೇ ಅಂತ ಕೇಳಿದ. ಬೇಡ ಅನ್ನುವುದು ಹೇಗೆ? ಕೊಳವೆಗೆ ಕೈ ಹಾಕಿ ನೋಡಿದ, ಒಲೆ ನೋಡಿದ. ಆಮೇಲೆ ತಲೆ ಎತ್ತಿದ. ಸ್ಟೂಲು ಎಳೆದುಕೊಂಡು ಹತ್ತಿ, ಗಾಜಿನ ಪಟ್ಟಿಗಳನ್ನು ಸರಿಸಿ, ಚೌಕಟ್ಟಿನ ಮೂಲೆಗಳನ್ನು ಬೆರಳಿನಿಂದ ಮುಟ್ಟಿದ. ನಾಲ್ಕೂ ಮೂಲೆ, ಒಂದಾದ ಮೇಲೊಂದು. ಹೊಸ ತೂತುಗಳು, ಒಳಗಿನ ಮರ ಇನ್ನೂ ಬೆಳ್ಳಗೆ. ಸ್ಟೂಲಿನ ಮೇಲೆಯೇ ನಿಂತು ನನ್ನನ್ನು ನೋಡಿದ. ನಾನು ಮೇಷ್ಟ್ರು ಮುಖ ಮಾಡಿಕೊಂಡು ನಿಂತಿದ್ದೆ. ಅದೊಂದು ಮುಖ ಇದೆ ನನಗೆ. ಮೂವತ್ತು ವರ್ಷ ಹುಡುಗರನ್ನು ಅದರಿಂದಲೇ ಕೂರಿಸಿದ್ದೇನೆ.

"ಬಿಚ್ಕೊಂಡ್ ಹೋಗ್ಲಾ ಸಾರ್?" ಅಂದ.

"ತಗೊಂಡ್ ಹೋಗು" ಅಂದೆ.

ಬೈಯುತ್ತಾನೆ, ಕೂಗಾಡುತ್ತಾನೆ ಅಂದುಕೊಂಡಿದ್ದೆ. ಹಾಗೆ ಮಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಅವನು ಸದ್ದಿಲ್ಲದೆ ಕಳಚಿದ, ಸೂರಿನ ತೂತಿನ ಕೆಳಗೆ ಬಿದ್ದಿದ್ದ ಮಸಿಯನ್ನು ತಾನೇ ಗುಡಿಸಿದ, ಹೋದ.

ಇನ್ನು ಮಲ್ಲಣ್ಣ. ನನ್ನ ಆ ಒಂದು ಮಾತನ್ನು ಅವನು ಅಜ್ಜಂಪುರಕ್ಕೆ ಒಯ್ದ, ಕಡೂರಿಗೆ ಒಯ್ದ, ಮಠದ ಪ್ರಸಾದದ ಪಂಕ್ತಿಗೂ ಒಯ್ದ. ಒಂದು ತಿಂಗಳಲ್ಲಿ ಅದು ತರೀಕೆರೆಗೆ ವಾಪಸು ಬಂದಾಗ ನನಗೇ ಗುರುತು ಸಿಗದಷ್ಟು ಬೆಳೆದಿತ್ತು. ಖಲೀಲನ ಕೆಲಸ ಸರಿಯಿಲ್ಲ ಅಂತ ಶುರುವಾದದ್ದು, ಖಲೀಲನನ್ನು ನಂಬಬಾರದು ಅಂತಾಯಿತು. ಕೊನೆಗೆ ಒಬ್ಬರು ಸಂತೆಯಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು, "ಅವರನ್ನೆಲ್ಲ ಮನೆಯೊಳಕ್ಕೆ ಬಿಟ್ಕೋಬಾರ್ದು ಮೇಷ್ಟ್ರೇ" ಅಂದರು. ಒಬ್ಬ ಖಲೀಲ 'ಅವರೆಲ್ಲ' ಆಗಿಹೋಗಿದ್ದ. ನಾನು ಈರುಳ್ಳಿ ಆರಿಸುತ್ತಲೇ ಇದ್ದೆ.

ಅವನ ಅಂಗಡಿ ಮುಚ್ಚಿತು. ಈಗ ಬೆಳಗಿನ ಬಸ್ಸಿಗೆ ಕಡೂರಿಗೆ ಹೋಗಿ ಯಾರದೋ ಕೈಕೆಳಗೆ ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡುತ್ತಾನೆ. ಅಕ್ಕ ಮನೆಗೆ ಬಂದಳು. ಬಂದವಳು ಅಕ್ಕನಲ್ಲ. ಟವೆಲು ಮಡಿಸುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಿಸುತ್ತಾಳೆ. ಕರಡಿಗೆ ಕೈಗೆ ಕೊಟ್ಟರೆ ಮಗು ಗಿಲಕಿ ಅಲ್ಲಾಡಿಸುವ ಹಾಗೆ ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ. ಶಶಿಕಲಾ ಗೀಸರ್ ನೀರಿನಲ್ಲಿ ಸ್ನಾನ ಮಾಡಿಸುತ್ತಾಳೆ. ಕರೆಂಟಿನ ನೀರು ಬೇಡ ಅನ್ನುವುದೂ ಈಗ ಅವಳಿಗೆ ಮರೆತಿದೆ. ನನ್ನನ್ನು ಕಂಡರೆ ಮರ್ಯಾದೆಯಿಂದ ಸೆರಗು ಸರಿಮಾಡಿಕೊಂಡು, "ಯಾವೂರು ನಿಮ್ದು?" ಅಂತ ಕೇಳುತ್ತಾಳೆ. ಮೊದಮೊದಲು ಅಜ್ಜಂಪುರ ಅನ್ನುತ್ತಿದ್ದೆ. "ನಮ್ಮ ಚಂದ್ರು ಅಲ್ಲೇ ಓದ್ತಿದ್ದಾನೆ" ಅಂತ ಅವಳು ಒಂದು ಸಲ ಅಂದಮೇಲೆ ಉತ್ತರ ಕೊಡುವುದನ್ನು ಬಿಟ್ಟೆ.

ಅವಳು ಹಾಗಂದ ದಿನ ಸಂಜೆಯೇ ಖಲೀಲನ ಮನೆಗೆ ಹೋದೆ. ಅವನು ಆಗತಾನೆ ಕೆಲಸದಿಂದ ಬಂದು ಕೈ ತೊಳೆಯುತ್ತಿದ್ದ. ಕುರ್ಚಿ ಹಾಕಿದ. ನಾನು ಕೂರಲಿಲ್ಲ. "ಖಲೀಲ್, ಆ ಕಿಂಡಿ ಮುಚ್ಚಿದ್ದು ನಾನೇ ಕಣಪ್ಪ" ಅಂದೆ.

"ಗೊತ್ತು ಸಾರ್" ಅಂದ. ಕೈ ಒರೆಸಿಕೊಂಡ. "ಸ್ಕ್ರೂ ತೂತು ನೋಡ್ದಾಗ್ಲೇ ಗೊತ್ತಾಯ್ತು."

"ಅವತ್ತೇ ಯಾಕ್ ಹೇಳ್ಲಿಲ್ಲ?"

"ನೀವು ಹೇಳ್ತೀರಿ ಅಂದ್ಕೊಂಡೆ." ಟವೆಲನ್ನು ಹಗ್ಗದ ಮೇಲೆ ಹಾಕುತ್ತ ಅಂದ, "ಈಗ ನನ್ ಹತ್ರ ಬಂದು ಹೇಳಿದ್ರೆ ಏನ್ ಬಂತು ಸಾರ್? ನನಗೇ ಗೊತ್ತಿರೋದನ್ನ ನನಗೇ ಹೇಳ್ತೀರಿ. ನಾಕು ಜನದ ಮುಂದೆ ಹೇಳಿ."

ಹೇಳುತ್ತೇನೆ ಅಂತ ಮಾತು ಕೊಟ್ಟು ಬಂದೆ. ನಾಲ್ಕು ಜನ ಸಿಕ್ಕಲು ನನಗೆ ಐದು ತಿಂಗಳು ಬೇಕಾಯಿತು. ಅಂದರೆ, ದಿನವೂ ಸಿಕ್ಕುತ್ತಿದ್ದರು. ನಾನು ಆ ದಿನಗಳನ್ನು ಎಣಿಸಿಕೊಳ್ಳಲಿಲ್ಲ.

ಮಲ್ಲಣ್ಣನ ಹೊಸ ಮನೆಯ ಗೃಹಪ್ರವೇಶ ಅಜ್ಜಂಪುರದಲ್ಲಿ. ನೆಂಟರೆಲ್ಲ ಸೇರಿದ್ದರು. ಪೂಜೆ ಮುಗಿದ ಮೇಲೆ ಮಲ್ಲಣ್ಣ ನನ್ನನ್ನೂ ಹತ್ತಾರು ಜನರನ್ನೂ ಕರೆದುಕೊಂಡು ಮನೆ ತೋರಿಸುತ್ತ ಬಂದ. ಬಚ್ಚಲಿನ ಬಾಗಿಲು ತೆಗೆದು ಹೆಮ್ಮೆಯಿಂದ ಅಂದ: "ಇಲ್ಲೂ ಆ ಖಲೀಲನ ಬಾಯ್ಲರ್ರೇ ಕೂರಿಸ್ಬೇಕು ಅಂತಿದ್ದೆ. ನಮ್ಮ ಮೇಷ್ಟ್ರ ಮನೆ ಗತಿ ನೋಡಿ ಬೇಡ ಅಂದ್ಬಿಟ್ಟೆ. ದೇವರು ಕಾಪಾಡ್ದ."

ನಾನು ಹೇಳಿದೆ. "ಮಲ್ಲಣ್ಣ, ಖಲೀಲನ ತಪ್ಪೇನೂ ಇಲ್ಲ. ಅವನು ಗಾಳಿಗೆ ಜಾಗ ಬಿಟ್ಟಿದ್ದ. ಮುಚ್ಬೇಡಿ ಅಂತ ಬಾಯಿಬಿಟ್ಟು ಹೇಳಿದ್ದ. ಮುಚ್ಚಿದ್ದು ನಾನು. ಆಸ್ಪತ್ರೇಲಿ ನಾನು ಸುಳ್ಳು ಹೇಳ್ದೆ."

ಮಲ್ಲಣ್ಣ ನನ್ನನ್ನೇ ನೋಡಿದ. ಅವನ ಕಣ್ಣು ತುಂಬಿಕೊಂಡಿತು. ನನ್ನ ಎರಡೂ ಕೈ ಹಿಡಿದುಕೊಂಡು ಉಳಿದವರ ಕಡೆ ತಿರುಗಿದ. "ನೋಡಿದ್ರಾ? ಇದಕ್ಕೇ ಇವರನ್ನ ಮೇಷ್ಟ್ರು ಅನ್ನೋದು. ಅವನ ಹೊಟ್ಟೆಪಾಡು ಹೋಯ್ತಲ್ಲ ಅಂತ, ಅವನ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದಾರೆ!"

"ಇಲ್ಲ ಮಲ್ಲಣ್ಣ, ನಿಜವಾಗ್ಲೂ..."

"ಸುಮ್ನಿರಿ ಮೇಷ್ಟ್ರೇ. ನೀವು ವಿಜ್ಞಾನ ಹೇಳ್ಕೊಟ್ಟೋರು. ನೀವು ಆ ಕೆಲಸ ಮಾಡ್ತೀರಾ? ಯಾರು ನಂಬ್ತಾರೆ?"

ನಾನು ಶಶಿಕಲಾಳನ್ನು ನೋಡಿದೆ. ಅವಳು ಬಾಗಿಲ ಹತ್ತಿರವೇ ನಿಂತಿದ್ದಳು. ಏಣಿ ಹಿಡಿದವಳು, ಇವಳೊಂದು ಮಾತು ಹೇಳಿದರೆ ಮುಗಿಯಿತು. ಅವಳು ನನ್ನನ್ನು ನೋಡದೆ ಮಲ್ಲಣ್ಣನಿಗೆ ಹೇಳಿದಳು: "ಅಕ್ಕನ ವಿಷಯದಲ್ಲಿ ಇವರು ತುಂಬ ನೊಂದುಕೊಂಡಿದ್ದಾರೆ. ಹಿಂಗೇ ಏನೇನೋ ಅಂದ್ಕೊಳ್ತಾರೆ. ಬಿಡಿ." ಆ ಮಾತಿನಲ್ಲಿ ಮೋಸ ಇರಲಿಲ್ಲ. ನನ್ನ ಮರ್ಯಾದೆ ನೆಲಕ್ಕೆ ಬೀಳದ ಹಾಗೆ ಹಿಡಿದಿದ್ದಳು, ಅಷ್ಟೇ.

ಯಾರೋ ಒಬ್ಬ ಹಿರಿಯರು ಬಂದು ಬೆನ್ನು ಸವರಿದರು. ಪಂಕ್ತಿಯಲ್ಲಿ ನನಗೆ ಮೊದಲ ಎಲೆ ಹಾಕಿದರು. ಹೋಳಿಗೆಗೆ ತುಪ್ಪ ಬಡಿಸುವವನಿಗೂ ಅಷ್ಟರಲ್ಲಿ ವಿಷಯ ಗೊತ್ತಾಗಿತ್ತು, ಕೈಬಿಡದೆ ಸುರಿದ. ನಾನು ಉಂಡೆ. ರುಚಿಯಾಗಿಯೇ ಇತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಹೊರಡುವಾಗ ಮಲ್ಲಣ್ಣ ತನ್ನ ಮಗನನ್ನೂ ಸೊಸೆಯನ್ನೂ ಕರೆದ. "ಇಂಥೋರ ಕಾಲಿಗೆ ಬೀಳ್ಬೇಕು ಕಣೋ. ಈ ಕಾಲದಲ್ಲಿ ಸಿಗಲ್ಲ" ಅಂದ. ಹುಡುಗಿ ಸೆರಗು ಹೊದ್ದುಕೊಂಡು, ಹುಡುಗ ಶಲ್ಯ ಸರಿಮಾಡಿಕೊಂಡು, ಇಬ್ಬರೂ ಒಟ್ಟಿಗೆ ಬಗ್ಗಿ ನನ್ನ ಪಾದ ಮುಟ್ಟಿದರು. ನಾಲ್ಕು ಕೈಗಳೂ ಬೆಚ್ಚಗಿದ್ದವು.

ಕಾಲು ಹಿಂದಕ್ಕೆ ಎಳೆದುಕೊಳ್ಳಬಹುದಿತ್ತು. ನಾನು ಕೈ ಎತ್ತಿ, "ಚೆನ್ನಾಗಿರಿ" ಅಂತ ಆಶೀರ್ವಾದ ಮಾಡಿದೆ.